ಮಣ್ಣಿನ ಕಿಲ್ಲೆಗೆ ಇತಿಹಾಸದ ಪರೀಕ್ಷೆ

ದೀಪಾವಳಿ ಸಮೀಪಿಸಿತೆಂದರೆ ಬೆಳಗಾವಿ ಜಿಲ್ಲೆಯ ವಾಯವ್ಯ ಭಾಗದಲ್ಲಿ, ನಿಪ್ಪಾಣಿ, ಚಿಕ್ಕೋಡಿಗಳ ಓಣಿಗಳಿಂದ ಹಿಡಿದು ಕೃಷ್ಣೆಯ ದಂಡೆಯಲ್ಲಿ ವೀರಭದ್ರನ ಗುಡಿಯಿಂದ ಹೆಸರಾದ ಯಡೂರಿನ ಆಸುಪಾಸಿನವರೆಗೆ, ಮಕ್ಕಳು ಮನೆಯಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟುವ ರೂಢಿಯುಂಟು. ಕಲ್ಲು, ಒಡಕು ಇಟ್ಟಂಗಿಗಳನ್ನು ಪೇರಿಸಿ, ಗೋಣಿತಟ್ಟು ಹೊದಿಸಿ, ಹದ ಮಾಡಿದ ಮಣ್ಣನ್ನು ಮೆತ್ತಿ, ಅಳವಿಯನ್ನೋ ಸಾಸಿವೆಯನ್ನೋ ಉಗ್ಗಿ, ನೀರು ಚಿಮುಕಿಸಿ ಕೆಲವು ದಿನ ಕಾದರೆ ಗುಡ್ಡದ ಮೈ ಹಸುರಾಗುತ್ತದೆ. ತುದಿಯಲ್ಲಿ ಸಿಂಹಾಸನಾರೂಢರಾದ ಶಿವಾಜಿ ಮಹಾರಾಜರು, ಮೆಟ್ಟಿಲುಗಳ ಇಕ್ಕೆಲದಲ್ಲಿ ಭಲ್ಲೆ ಹಿಡಿದ ಮಾವಳೆಯರು, ಬುರುಜಿನ ಮೇಲೆ ತೋಪು, ಕೆಳಗೆ ಗವಿಯ ಬಾಯಲ್ಲೊಂದು ಹುಲಿ. ಮಹಾರಾಷ್ಟ್ರದಲ್ಲಿ ಮನೆಮನೆಯ ಸಂಪ್ರದಾಯವಾಗಿರುವ ಈ ಆಟಕ್ಕೆ ರಾಜ್ಯಗಳ ಗಡಿರೇಖೆ ಅಡ್ಡಬಂದಿಲ್ಲ. ಆದರೆ ಇದೇ ಬಣ್ಣದ ಸೈನಿಕರ ನೆಪದಲ್ಲಿ ಹಿರಿಯರ ನಡುವೆ ಒಂದು ವಾಗ್ವಾದ ಬೆಳೆದು ನಿಂತಿದೆ. ಗೊಂಬೆಗಳು ಇತಿಹಾಸಕ್ಕೆ ನಿಷ್ಠವಾಗಿರಬೇಕೆಂದು ಒಂದು ಪಕ್ಷ. ಆಟಕ್ಕೆ ಇತಿಹಾಸದ ಹಂಗೇಕೆಂದು ಇನ್ನೊಂದು ಪಕ್ಷ. ಎರಡು ಪಕ್ಷಗಳೂ ತಮ್ಮ ತಮ್ಮ ಮಾತನ್ನು ತಪ್ಪಾದ ಸ್ಥಳದಲ್ಲಿ ಆಡುತ್ತಿವೆ ಎಂಬುದೇ ಇಲ್ಲಿ ಪ್ರತಿಪಾದಿಸಬೇಕಾದ ವಿಷಯ.

ಮೊದಲು ಈ ಸೈನಿಕರ ಪರಿಚಯ ಮಾಡಿಕೊಳ್ಳುವುದು ಲೇಸು, ಏಕೆಂದರೆ ವಾದ ಮಾಡುವವರು ಅವರನ್ನು ಕೈಗೆತ್ತಿಕೊಂಡು ನೋಡುವುದು ಕಡಿಮೆ. ಎರಡು ಹೋಳಿನ ಅಚ್ಚಿನಲ್ಲಿ ಮಣ್ಣು ಒತ್ತಿ ಅಥವಾ ಪ್ಲಾಸ್ಟರ್ ಎರೆದು ತೆಗೆದ ಗೊಂಬೆ ಅದು; ಪಕ್ಕೆಯಲ್ಲಿ ಅಚ್ಚಿನ ಹೊಲಿಗೆಯ ಗೆರೆ ಉಳಿದಿರುತ್ತದೆ. ಒಂದೇ ಅಚ್ಚಿನಿಂದ ಬಂದ ನೂರು ಜನ ಮಾವಳೆಯರಿಗೆ ಒಂದೇ ಮೀಸೆ, ಒಂದೇ ನಿಲುವು. ಸಂತೆಯ ಗಡಿಬಿಡಿಗೆ ಬಣ್ಣ ಬಳಿದ ಕುಂಚ ಒಬ್ಬನ ಕಣ್ಣನ್ನು ಹುಬ್ಬಿನ ಮೇಲೆ ಏರಿಸಿದರೆ ಇನ್ನೊಬ್ಬನ ಮುಂಡಾಸದ ಕೆಂಪನ್ನು ಕೆನ್ನೆಗೆ ಇಳಿಸಿರುತ್ತದೆ. ಹಬ್ಬ ಮುಗಿದ ಮೇಲೆ ಈ ಸೈನ್ಯ ಚಿಂದಿಬಟ್ಟೆಯಲ್ಲಿ ಸುತ್ತಿಸಿಕೊಂಡು ಅಟ್ಟದ ಮೇಲಿನ ಡಬ್ಬಿಗೋ ಟ್ರಂಕಿಗೋ ಸೇರುತ್ತದೆ. ಮರುವರ್ಷ ಎರಡು ಮೂರು ಹೊಸಬರು ಸೇರ್ಪಡೆಯಾಗುತ್ತಾರೆ. ಹೀಗೆ ಅಣ್ಣನಿಂದ ತಮ್ಮನಿಗೆ, ಅತ್ತೆಯ ಮಗನಿಂದ ಮಾವನ ಮಗನಿಗೆ ದಾಟಿ ಬಂದ ಸಂಗ್ರಹದಲ್ಲಿ ಅಳತೆಗಳ ಸಾಮರಸ್ಯವನ್ನು ನಿರೀಕ್ಷಿಸಲಾಗದು. ಸವಾರನಿಗಿಂತ ಕುದುರೆ ಸಣ್ಣದು. ಹುಲಿ ದಿಡ್ಡಿಬಾಗಿಲಿಗಿಂತ ದೊಡ್ಡದು. ಭಲ್ಲೆ ಮುರಿದವನ ಕೈಗೆ ಊದಿನಕಡ್ಡಿಯ ತುಂಡು ಬಂದಿರುತ್ತದೆ. ನಡುನಡುವೆ ಜಾತ್ರೆಯಲ್ಲಿ ಕೊಂಡ ಹಸುರು ಪ್ಲಾಸ್ಟಿಕ್ಕಿನ ಬಂದೂಕುಧಾರಿಗಳೂ ಕಾವಲಿಗೆ ನಿಲ್ಲುತ್ತಾರೆ. ಕಿಲ್ಲೆಯ ಬುಡದ ಹಳ್ಳಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಕಂಡರೂ ಆಶ್ಚರ್ಯವಿಲ್ಲ. ಚಿಕ್ಕೋಡಿ ಸೀಮೆಯ ಮಗು ಕಂಡ ಹಳ್ಳಿಯೆಂದರೆ ಅದೇ.

ಬೆಳಗಾವಿಯಂಥ ನಗರಗಳಲ್ಲಿ ಕಿಲ್ಲೆಗಳಿಗೆ ಸ್ಪರ್ಧೆಗಳು ಏರ್ಪಟ್ಟ ಮೇಲೆ ಈ ಅಂಗಳಕ್ಕೆ ಪರೀಕ್ಷಕರು ಕಾಲಿಟ್ಟರು. ಕಟ್ಟಿದ್ದು ಇಂಥದೇ ಕೋಟೆಯೆಂದು ಹೇಳಬೇಕು, ಬುರುಜು, ಮಾಚಿ, ದರವಾಜೆಗಳಿಗೆ ಹೆಸರಿನ ಚೀಟಿ ಇರಬೇಕು, ನೋಡಬಂದವರಿಗೆ ಮಕ್ಕಳು ಇತಿಹಾಸವನ್ನು ಒಪ್ಪಿಸಬೇಕು. ಇದರಲ್ಲಿ ಒಳಿತಿಲ್ಲವೆಂದು ಯಾರೂ ಹೇಳಲಾರರು. ಪ್ರತಾಪಗಡದ ಪ್ರತಿಕೃತಿ ಕಟ್ಟಲೆಂದು ನಕ್ಷೆ ಹುಡುಕುವ ಹುಡುಗ ಭೂಗೋಳವನ್ನೂ ಕಲಿಯುತ್ತಾನೆ, ಪ್ರವಾಸದಲ್ಲಿ ಕೋಟೆಯ ಗೋಡೆಯ ಮೇಲೆ ಹೆಸರು ಕೆತ್ತುವ ದುರಭ್ಯಾಸದಿಂದಲೂ ದೂರ ಉಳಿಯಬಹುದು. ಆದರೆ ಈ ಉತ್ಸಾಹ ಬೇಗನೆ ಶಂಕೆಯ ದೃಷ್ಟಿಗೆ ತಿರುಗುತ್ತದೆ. ಟ್ರ್ಯಾಕ್ಟರು ಇಟ್ಟವನಿಗೆ ಅಂಕ ಕಡಿತ; ಬಂದೂಕಿನ ಸೈನಿಕನನ್ನು ಎತ್ತಿಡುವಂತೆ ಆಜ್ಞೆ; ಮಾವಳೆಯ ಮುಂಡಾಸದ ಬಣ್ಣಕ್ಕೆ ಸಾಕ್ಷಿ ಎಲ್ಲಿ ಎಂಬ ಪ್ರಶ್ನೆ. ಪರಿಣಾಮವಾಗಿ ಕಿಲ್ಲೆ ಕಟ್ಟುವ ಕೈಗಳು ಕ್ರಮೇಣ ಅಪ್ಪಂದಿರವಾಗುತ್ತವೆ. ಮಗು ಪಕ್ಕದಲ್ಲಿ ನಿಂತು ನೀರಿನ ತಂಬಿಗೆ ಹಿಡಿಯುತ್ತದೆ.

ಈ ನಿಖರತೆಯೆಂಬುದು ಎಷ್ಟರಮಟ್ಟಿಗೆ ನಿಖರ ಎಂಬುದೂ ವಿಚಾರಾರ್ಹವೇ. ಯಡೂರಿನ ಕಡೆಯವರಿಗೆ ಹತ್ತಿರದ ಮಹಾದುರ್ಗವಾದ ಪನ್ಹಾಳವನ್ನೇ ತೆಗೆದುಕೊಳ್ಳಬಹುದು. ಅದನ್ನು 12ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದವನು ಶಿಲಾಹಾರರ ಇಮ್ಮಡಿ ಭೋಜ. ಆ ವಂಶದ ಅರಸರು ಬಸದಿಗಳಿಗೆ ದತ್ತಿ ಬಿಟ್ಟವರು, ಕನ್ನಡದಲ್ಲಿ ಶಾಸನ ಬರೆಸಿದವರು. ಮುಂದೆ ಅದು ಯಾದವರಿಗೆ, ಬಹಮನಿಗಳಿಗೆ, ವಿಜಾಪುರದವರಿಗೆ ಸೇರಿತು. 1659ರಲ್ಲಿ ಶಿವಾಜಿಯ ವಶವಾಗಿ, 1660ರ ಸಿದ್ದಿ ಜೌಹರನ ಮುತ್ತಿಗೆಯ ನಂತರ ಮರಳಿ ವಿಜಾಪುರಕ್ಕೆ ಹೋಗಿ, 1673ರಲ್ಲಿ ಪುನಃ ಮರಾಠರ ಕೈಸೇರಿತು. ಹಾಗಾದರೆ ಅಂಗಳದ ಪನ್ಹಾಳ ಯಾವ ದಿನದ್ದಾಗಿರಬೇಕು? ಅದರ ಬುರುಜಿನ ಮೇಲೆ ಯಾರ ಕಾವಲುಗಾರನನ್ನು ನಿಲ್ಲಿಸಬೇಕು? ಶಿಲಾಹಾರನ ಗೊಂಬೆ ತಂದು ನಿಲ್ಲಿಸಿದ ಮಗುವಿಗೆ ಅಂಕ ಹೆಚ್ಚುವುದೋ ಕಡಿಮೆಯಾಗುವುದೋ?

ಉಡುಪಿನ ಮಾತಂತೂ ಇನ್ನೂ ಸ್ವಾರಸ್ಯವಾದುದು. 17ನೆಯ ಶತಮಾನದ ದಖ್ಖನಿನ ಸೈನ್ಯಗಳಲ್ಲಿ ಇಂದಿನ ಅರ್ಥದ ಸಮವಸ್ತ್ರವಿರಲಿಲ್ಲ. ಮರಾಠರ ದಂಡಿನಲ್ಲಿ ಬಾರಗೀರನಿಗೆ ಸರಕಾರದ ಕುದುರೆ. ಶಿಲೇದಾರನಾದರೋ ಸ್ವಂತ ಕುದುರೆ, ಸ್ವಂತ ಆಯುಧಗಳೊಡನೆ ಬಂದು ಸೇರುವವನು. ಬೆಟ್ಟಸೀಮೆಯ ಮಾವಳೆ ಬಹುಮಟ್ಟಿಗೆ ತನ್ನ ಊರಿನ ಉಡುಪಿನಲ್ಲೇ ಕಾದಿದವನು. ಸಾಲಾಗಿ ನಿಂತ ನೂರು ಗೊಂಬೆಗಳ ಒಂದೇ ಬಣ್ಣದ ಮುಂಡಾಸವು ಅಚ್ಚಿನ ಮತ್ತು ಬಣ್ಣದ ಡಬ್ಬಿಯ ಸೃಷ್ಟಿಯೇ ಹೊರತು ಇತಿಹಾಸದ್ದಲ್ಲ. ಊದಿನಕಡ್ಡಿ ಹಿಡಿದವನು, ಮೀಸೆ ಅಳಿಸಿದವನು, ಬೇರೆ ಬೇರೆ ವರ್ಷದ ಬೇರೆ ಬೇರೆ ಎತ್ತರದವರು ಕೂಡಿದ ಆ ಹಳೆಯ ಟ್ರಂಕಿನ ಸೈನ್ಯವೇ ಶಿಲೇದಾರರ ದಂಡಿಗೆ ಹೆಚ್ಚು ಸಮೀಪವಾಗಿದೆಯೆಂದರೆ ಪರೀಕ್ಷಕರು ಮುನಿಸಿಕೊಳ್ಳಬಾರದು.

ಇದು ಈ ಸೀಮೆಗೆ ಮಾತ್ರ ಸೀಮಿತವಾದ ಜಗಳವಲ್ಲ. ಇಂಗ್ಲೆಂಡಿನಲ್ಲಿ 1893ರಲ್ಲಿ ವಿಲಿಯಂ ಬ್ರಿಟನ್ ಎಂಬವರು ಒಳಗೆ ಟೊಳ್ಳಾಗಿರುವ ಸೀಸದ ಸೈನಿಕರನ್ನು ಎರಕ ಹೊಯ್ಯುವ ಉಪಾಯ ಕಂಡುಕೊಂಡ ಮೇಲೆ ಅಗ್ಗದ ಸೈನ್ಯಗಳು ಮನೆಮನೆ ಹೊಕ್ಕವು. ರೆಜಿಮೆಂಟಿಗೊಂದು ಬಣ್ಣದ ಉಡುಪಿನಂತೆ, ಭಾರತದ ಅಶ್ವದಳಗಳ ಪೆಟ್ಟಿಗೆಗಳೂ ಬಂದವು. ಅಲ್ಲಿಯ ಸಂಗ್ರಾಹಕರಲ್ಲಿ ಉಡುಪಿನ ಗುಂಡಿಗಳ ಸಂಖ್ಯೆ ಸರಿಯಿದೆಯೇ ಎಂದು ತಕರಾರು ತೆಗೆಯುವವರಿಗೆ ‘ಗುಂಡಿ ಎಣಿಸುವವರು’ ಎಂಬ ಅಡ್ಡಹೆಸರೇ ಉಂಟು. ಎಚ್. ಜಿ. ವೆಲ್ಸ್ ಎಂಬ ಸಾಹಿತಿ 1913ರಲ್ಲಿ ಇಂಥ ಸೈನಿಕರನ್ನು ನೆಲದ ಮೇಲೆ ಹೂಡಿ ಆಡುವ ಆಟದ ನಿಯಮಗಳನ್ನೇ ಒಂದು ಪುಸ್ತಕವಾಗಿ ಪ್ರಕಟಿಸಿ, ನಿಜವಾದ ಯುದ್ಧಕ್ಕಿಂತ ಇದೆಷ್ಟು ಮೇಲು ಎಂಬ ಆಶಯವನ್ನು ಅದರಲ್ಲಿ ವ್ಯಕ್ತಪಡಿಸಿದರು. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು. ಗುಂಡಿ ಎಣಿಸಿದವರಾಗಲಿ ಎಣಿಸದವರಾಗಲಿ ಅದನ್ನು ತಡೆಯಲಾಗಲಿಲ್ಲ.

ಸಾದೃಶ್ಯದ ಪ್ರಶ್ನೆಯನ್ನು ಪ್ರಾಚೀನ ಜೈನ ತತ್ತ್ವಜ್ಞರು ಇವರೆಲ್ಲರಿಗಿಂತ ಬಹು ಮೊದಲೇ ಬಿಡಿಸಿಟ್ಟಿದ್ದಾರೆ. ನಿಕ್ಷೇಪಗಳನ್ನು ವಿವರಿಸುವಾಗ ಅವರು ಸ್ಥಾಪನೆಯಲ್ಲಿ ಎರಡು ಬಗೆ ಕಾಣುತ್ತಾರೆ. ರೂಪಸಾಮ್ಯವಿರುವ ವಸ್ತುವಿನಲ್ಲಿ ‘ಇದು ಅದೇ’ ಎಂದು ನೆಲೆಗೊಳಿಸುವುದು ತದಾಕಾರ. ಸಾಮ್ಯವಿಲ್ಲದ ವಸ್ತುವಿನಲ್ಲಿ ನೆಲೆಗೊಳಿಸುವುದು ಅತದಾಕಾರ. ಚದುರಂಗದ ಮಣೆಯ ಮೇಲಿನ ಮರದ ತುಂಡು ಆನೆಯಾಗುವುದಕ್ಕೆ ಸೊಂಡಿಲು ಬೇಕಿಲ್ಲ. ಆಡುವವರ ಮನಸ್ಸಿನ ನಿಶ್ಚಯ ಸಾಕು. ಹಸುರು ಪ್ಲಾಸ್ಟಿಕ್ಕಿನ ಬಂದೂಕುಧಾರಿಯನ್ನು ತೋರಿಸಿ ‘ಇವನು ತಾನಾಜಿ’ ಎನ್ನುವ ಮಗು ಮಾಡಿದ್ದು ಶುದ್ಧವಾದ ಅತದಾಕಾರ ಸ್ಥಾಪನೆ. ಅದಕ್ಕೆ ಅಂಕ ಕಳೆಯುವ ಪರೀಕ್ಷಕನು ಇತಿಹಾಸ ಓದಿರಬಹುದು, ಸ್ಥಾಪನೆಯ ಬಗೆಗಳನ್ನು ಓದಿಲ್ಲ.

ಆದರೆ ಇಷ್ಟಕ್ಕೆ ವಿನೋದಪಕ್ಷದವರು ಗೆದ್ದೆವೆಂದು ಹಿಗ್ಗಬೇಕಾಗಿಲ್ಲ. ಸ್ಥಾಪನೆಯ ಬಲವೆಲ್ಲ ನಿಶ್ಚಯದಲ್ಲಿದೆಯೆಂದ ಮೇಲೆ, ಆ ನಿಶ್ಚಯವನ್ನು ಕೊಡುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಮಗು ತಾನಾಗಿ ಒಂದು ಗೊಂಬೆಯನ್ನು ತಾನಾಜಿ ಎಂದಾಗ ಅದು ಆಟ. ಹಿರಿಯರು ಚೌಕದಲ್ಲಿ ಮಂಟಪ ಹಾಕಿ, ಆಳೆತ್ತರದ ಗೊಂಬೆಗಳನ್ನು ನಿಲ್ಲಿಸಿ, ಒಂದರ ಗಡ್ಡಕ್ಕೆ ಕಪ್ಪು ಬಳಿದು, ಕಣ್ಣಿಗೆ ರಕ್ತದ ಕೆಂಪು ತುಂಬಿ ‘ಇವನು ಶತ್ರು, ಇವನ ಮಂದಿ ಈಗಲೂ ನಿಮ್ಮ ಓಣಿಯಲ್ಲಿದ್ದಾರೆ’ ಎಂಬ ಅರ್ಥ ಹೊಮ್ಮುವಂತೆ ತೋರಿಸಿದಾಗ ಅದನ್ನು ಹಬ್ಬದ ಗಮ್ಮತ್ತು ಎಂದು ತೇಲಿಸಿಬಿಡಲಾಗದು. ಕಾಗವಾಡದ ಗಡಿಗೆ ಕೂಗಳತೆಯಲ್ಲಿರುವ ಮಿರಜಿನಲ್ಲಿ 2009ರ ಸೆಪ್ಟೆಂಬರಿನ ಗಣೇಶೋತ್ಸವದ ವೇಳೆ ಸ್ವಾಗತ ಕಮಾನಿನ ಮೇಲಿನ ಅಫಜಲಖಾನ ವಧೆಯ ಚಿತ್ರದ ನಿಮಿತ್ತ ಹೊತ್ತಿದ ಗಲಭೆ ನೆರೆಯ ಊರುಗಳಿಗೂ ಹಬ್ಬಿತು. ಬಣ್ಣ ಬಳಿದ ಆಕೃತಿಗಳಿಂದ ಏನಾದೀತು ಎಂದು ಕೇಳುವವರು ಆ ವರ್ಷವನ್ನು ನೆನೆಯಬೇಕು.

ಇತಿಹಾಸದ ನಿಖರತೆ ನಿಜವಾಗಿ ಬೇಕಾದುದು ಇಂಥಲ್ಲಿ. 1659ರ ನವೆಂಬರಿನಲ್ಲಿ ಪ್ರತಾಪಗಡದ ಬುಡದ ಡೇರೆಯಲ್ಲಿ ನಡೆದುದನ್ನು ಗೊಂಬೆಗಳಲ್ಲಿ ತೋರಿಸಬೇಕೆಂದರೆ ತೋರಿಸಲಿ; ಆದರೆ ಪೂರ್ತಿಯಾಗಿ ತೋರಿಸಲಿ. ಅಫಜಲಖಾನನ ವಕೀಲನಾಗಿ ಬಂದವನು ಕೃಷ್ಣಾಜಿ ಭಾಸ್ಕರ ಕುಲಕರ್ಣಿ. ಶಿವಾಜಿಯ ಆಯ್ದ ಅಂಗರಕ್ಷಕರ ಪಟ್ಟಿಯಲ್ಲಿ ಸಿದ್ದಿ ಇಬ್ರಾಹಿಮನ ಹೆಸರಿದೆ. ಖಾನನ ದಂಡಿನಲ್ಲಿ ಮರಾಠಾ ಸರದಾರರಿದ್ದರು; ಶಿವಾಜಿಯ ತಂದೆ ಶಹಾಜಿ ಅದೇ ವಿಜಾಪುರದ ದರಬಾರಿನ ಸೇವೆಯಲ್ಲಿ ಕರ್ನಾಟಕದ ಜಹಗೀರನ್ನು ಆಳುತ್ತಿದ್ದವನು. ಖಾನನ ಗೋರಿ ಇಂದಿಗೂ ಪ್ರತಾಪಗಡದ ಬುಡದಲ್ಲಿದೆ. ಈ ಗೊಂಬೆಗಳನ್ನೆಲ್ಲ ಒಟ್ಟಿಗೆ ನಿಲ್ಲಿಸಿದ ಮಂಟಪ ಯಾರನ್ನೂ ಯಾರ ಮೇಲೂ ಎತ್ತಿಕಟ್ಟಲಾರದು. ಮುಂಡಾಸದ ಬಣ್ಣಕ್ಕೆ ಸಾಕ್ಷಿ ಕೇಳುವವರು ಸಿದ್ದಿ ಇಬ್ರಾಹಿಮನ ಗೊಂಬೆ ಎಲ್ಲಿ ಎಂದು ಕೇಳಿದ್ದುಂಟೇ? ಮಕ್ಕಳ ಅಂಗಳದಲ್ಲಿ ನಿಖರತೆಯನ್ನು ಹೇರುವ ಹಿರಿಯರು ತಮ್ಮ ಮಂಟಪಕ್ಕೆ ಬಂದಾಗ ವಿನೋದದ ವಿನಾಯಿತಿ ಬೇಡುತ್ತಾರೆ. ಆಗಬೇಕಾದುದು ಇದಕ್ಕೆ ತೀರ ವಿಪರೀತ.

ಗಡಿಸೀಮೆಯ ಇನ್ನೊಂದು ರೋಗವನ್ನೂ ಮುಚ್ಚಿಡಬೇಕಾಗಿಲ್ಲ. ಇಲ್ಲಿ ಗೊಂಬೆಗೂ ಭಾಷೆಯ ಚೀಟಿ ಅಂಟಿಸಲಾಗುತ್ತದೆ. ಒಂದು ಕಡೆಯವರಿಗೆ ಮಾವಳೆ ಮಾತ್ರ ಶೂರ. ಅದಕ್ಕೆ ಪ್ರತಿಯಾಗಿ ಇನ್ನೊಂದು ಕಡೆಯವರಿಗೆ ಕಿಲ್ಲೆಯೇ ಪರಕೀಯ. ಎರಡನ್ನೂ ಸುಳ್ಳಾಗಿಸುವ ಒಂದು ಪ್ರಸಂಗ ಇದೇ ಜಿಲ್ಲೆಯಲ್ಲಿ ನಡೆದಿದೆ. 1678ರಲ್ಲಿ ಶಿವಾಜಿಯ ದಂಡು ದಕ್ಷಿಣದಿಂದ ಹಿಂದಿರುಗುವಾಗ ಬೆಳವಡಿಯ ಗಢಿಯನ್ನು ಮುತ್ತಿತು. ಗಂಡ ಈಶಪ್ರಭು ಮಡಿದ ಮೇಲೂ ದೇಸಾಯಿಣಿ ಮಲ್ಲಮ್ಮ ಕಾದಿದಳು. ಕೊನೆಗೆ ಸೆರೆಸಿಕ್ಕ ಅವಳನ್ನು ಶಿವಾಜಿ ಗೌರವಿಸಿ ಸಂಸ್ಥಾನವನ್ನು ಹಿಂದಿರುಗಿಸಿದನೆಂದು ಪ್ರಸಿದ್ಧಿ. ಧಾರವಾಡದ ಸಮೀಪದ ಯಾದವಾಡದ ಮಾರುತಿ ಗುಡಿಯ ಬಳಿ ಇದಕ್ಕೆ ಸಂಬಂಧಿಸಿದ್ದೆನ್ನಲಾದ ಒಂದು ಕೆತ್ತಿದ ಕಲ್ಲಿದೆ. ಮೇಲ್ಭಾಗದಲ್ಲಿ ಕುದುರೆಯೇರಿದ ಶಿವಾಜಿ. ಕೆಳಭಾಗದಲ್ಲಿ ಮಲ್ಲಮ್ಮನ ಕೂಸನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಹಾಲುಣಿಸುತ್ತಿರುವ ಶಿವಾಜಿ. ಅದನ್ನು ಮಾಡಿಸಿದವಳು ಮಲ್ಲಮ್ಮನೇ ಎಂಬ ಪ್ರತೀತಿ. ತನ್ನ ಗಢಿಗೆ ಮುತ್ತಿಗೆ ಹಾಕಿದವನ ಆಕೃತಿಯನ್ನು ಹೀಗೆ ಕೆತ್ತಿಸಿದವಳ ಮನಸ್ಸೆಲ್ಲಿ, ಗೊಂಬೆಗೆ ಭಾಷೆ ಹಚ್ಚುವವರ ಮನಸ್ಸೆಲ್ಲಿ! ಬೆಳಗಾವಿಯ ಕೋಟೆಯದೂ ಇದೇ ಮಾತು. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲಬಸದಿಯೂ ಸಫಾ ಮಸೀದಿಯೂ ಅದೇ ಗೋಡೆಗಳೊಳಗಿವೆ. ಅದನ್ನು ಮಣ್ಣಿನಲ್ಲಿ ಕಟ್ಟುವ ಮಕ್ಕಳಿಗೆ ದೂರದ ನಕ್ಷೆಯ ಅಗತ್ಯವೇ ಇಲ್ಲ. ಒಂದು ಭಾನುವಾರ ಹೋಗಿ ನೋಡಿ ಬಂದರಾಯಿತು.

ಇನ್ನು ಮೂರನೆಯ ಪಕ್ಷವೊಂದುಂಟು. ಅದರ ದನಿ ಶ್ರಾವಕರ ಮನೆಗಳಲ್ಲಿಯೇ ಕೇಳಿಸುತ್ತದೆ. ಮಹಾವೀರರ ನಿರ್ವಾಣದ ನಸುಕಿನಲ್ಲಿ ಲಾಡು ಅರ್ಪಿಸಿ ಬಂದ ಮನೆಯ ಅಂಗಳದಲ್ಲಿ ಶಸ್ತ್ರಧಾರಿಗಳ ಗೊಂಬೆ ಸಲ್ಲದು, ಕಿಲ್ಲೆಯನ್ನೇ ನಿಲ್ಲಿಸಬೇಕು ಎಂಬುದು ಅವರ ಅಭಿಮತ. ಅವರು ಉದಾಹರಿಸುವುದು ಯಶೋಧರನ ಕಥೆಯನ್ನು. 1209ರಲ್ಲಿ ಜನ್ನನು ಕನ್ನಡಕ್ಕೆ ತಂದ ಆ ಕಥೆಯಲ್ಲಿ ತಾಯಿಯ ಒತ್ತಾಯಕ್ಕೆ ಮಣಿದ ಅರಸನು ಜೀವಂತ ಪ್ರಾಣಿಯ ಬದಲಿಗೆ ಹಿಟ್ಟಿನ ಕೋಳಿಯನ್ನು ಮಾರಿಗೆ ಬಲಿಗೊಟ್ಟು, ಅಷ್ಟರಿಂದಲೇ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರದ ದುಃಖಕ್ಕೆ ಗುರಿಯಾದರು. ಹಿಟ್ಟಿನ ಕೋಳಿಗೆ ಆ ಫಲವಾದರೆ ಮಣ್ಣಿನ ಸೈನಿಕನಿಗೆ ಯಾವ ಫಲ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಗಂಭೀರವಾದುದು, ಉತ್ತರವೂ ಆ ಕಥೆಯಲ್ಲಿಯೇ ಇದೆ. ಅಲ್ಲಿ ದೋಷ ಬಂದುದು ಹಿಟ್ಟು ಕೋಳಿಯ ಆಕಾರ ತಳೆದುದರಿಂದಲ್ಲ. ಕೊಲ್ಲುವ ಸಂಕಲ್ಪದಿಂದ ಕತ್ತಿ ಎತ್ತಿದ್ದರಿಂದ. ಅಂಗಳದ ಕಿಲ್ಲೆಯನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಅಲ್ಲಿ ಬಹುಮಟ್ಟಿಗೆ ಯಾರೂ ಯಾರನ್ನೂ ಕೊಲ್ಲುತ್ತಿರುವುದಿಲ್ಲ. ಶತ್ರುವಿನ ಗೊಂಬೆ ಸಾಮಾನ್ಯವಾಗಿ ಇರುವುದೇ ಇಲ್ಲ. ಮಾವಳೆಯರು ಕಾವಲು ನಿಂತಿರುತ್ತಾರೆ, ಬಿಂದಿಗೆ ಹೊತ್ತ ಹೆಣ್ಣುಮಗಳು ಹೋಗುತ್ತಿರುತ್ತಾಳೆ, ಹುಲಿ ಸುಮ್ಮನೆ ಕುಳಿತಿರುತ್ತದೆ. ಶ್ರಾವಕನಿಗೆ ಸಂಕಲ್ಪಹಿಂಸೆ ಸರ್ವಥಾ ವರ್ಜ್ಯವೆಂದೂ ಆತ್ಮರಕ್ಷಣೆಯ ವಿರೋಧಿಹಿಂಸೆ ಬೇರೆಯ ತರಗತಿಯದೆಂದೂ ವಿಂಗಡಿಸಿದ ಪರಂಪರೆಗೆ ಈ ಅಂತರ ಕಾಣದೆ ಹೋಗಬಾರದು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಸೇನಾಪತಿಯೇ ಆಗಿದ್ದನು. ನಿಷೇಧದಿಂದ ಆಗುವ ಪ್ರಯೋಜನವೂ ಅಷ್ಟಕ್ಕಷ್ಟೆ. ‘ಸಾಕಿ’ ಎಂಬ ಹೆಸರಿನ ಇಂಗ್ಲಿಷ್ ಲೇಖಕನ ಒಂದು ಕಥೆಯಲ್ಲಿ ಸೋದರಮಾವ ಮಕ್ಕಳಿಗೆ ಶಾಂತಿಯ ಆಟಿಕೆಗಳನ್ನು, ಅಂದರೆ ನಗರಸಭೆಯ ಕಟ್ಟಡ, ಗಣ್ಯ ನಾಗರಿಕರ ಗೊಂಬೆ ಮುಂತಾದವನ್ನು, ತಂದುಕೊಡುತ್ತಾನೆ. ಮಕ್ಕಳು ಅವುಗಳಿಂದಲೇ ಯುದ್ಧ ಹೂಡುತ್ತಾರೆ. ಆ ಲೇಖಕ ತಾನೇ 1916ರಲ್ಲಿ ರಣರಂಗದಲ್ಲಿ ಮಡಿದನು.

ನಿಷೇಧಪಕ್ಷದವರ ಕಳಕಳಿಗೆ ತಕ್ಕ ಸ್ಥಳ ಬೇರೆಡೆ ಇದೆ. ಹಬ್ಬ ಮುಗಿದ ಮೇಲೆ ಕೆಲವೆಡೆ ಕಿಲ್ಲೆಯ ಬುಡದಲ್ಲಿ ಸುತಲಿ ಬಾಂಬು ಹುದುಗಿಸಿ ಅದನ್ನು ಸಿಡಿಸುವ ಚಾಳಿಯಿದೆ. ಅಷ್ಟು ಹೊತ್ತಿಗೆ ಆ ತೇವದ ಮಣ್ಣಿನಲ್ಲಿ ಮೊಳೆತ ಪೈರಿದೆ, ಇರುವೆಯ ಗೂಡಿದೆ, ಎರೆಹುಳುವಿದೆ. ಇಲ್ಲಿ ನಡೆಯುವುದು ಸ್ಥಾಪನೆಯ ಹಿಂಸೆಯಲ್ಲ, ಸಾಕ್ಷಾತ್ ಹಿಂಸೆ. ಗೊಂಬೆಯ ಬಣ್ಣದ ವಿಷಯವೂ ಅಂಥದೇ. ಹೊಳೆಯುವ ಹಳದಿ, ಕೆಂಪುಗಳಲ್ಲಿ ಸೀಸ ಇರಬಹುದು. ಅದು ಎಳೆಯ ಮಕ್ಕಳ ಮಿದುಳಿಗೆ ಕೇಡು. ಬ್ರಿಟನ್ ಕಂಪನಿ ಸೀಸದ ಸೈನಿಕರ ತಯಾರಿಕೆಯನ್ನು 1966ರಲ್ಲಿ ನಿಲ್ಲಿಸಿತು. ಭಾರತದಲ್ಲಿ 2016ರ ನಿಯಮಗಳು ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ದಶಲಕ್ಷಕ್ಕೆ 90 ಭಾಗಗಳಿಗೆ ಮಿತಿಗೊಳಿಸಿವೆ, 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದರೆ ಸಂತೆಯ ಬುಟ್ಟಿಯಲ್ಲಿ ಬರುವ ಮಾವಳೆಯ ಮೈಮೇಲೆ ಆ ಗುರುತನ್ನು ಹುಡುಕುವವರು ವಿರಳ. ಪ್ಲಾಸ್ಟರಿನ ಗೊಂಬೆ ಮುರಿದು ಹೊಳೆಗೆ ಬಿದ್ದರೆ ಮಣ್ಣಿನ ಗೊಂಬೆಯಂತೆ ಕರಗುವುದಿಲ್ಲ. ಆ ಹೊಳೆಯ ನೀರನ್ನೇ ಯಡೂರಿನವರೂ ಮಾಂಜರಿಯವರೂ ನೆಚ್ಚಿದ್ದಾರೆ.

ಆದ್ದರಿಂದ ಸ್ಪರ್ಧೆಯ ಸಂಘಟಕರು ಕರಪತ್ರ ಅಚ್ಚಿಗೆ ಕೊಡುವ ಮುನ್ನ ಅಂಕಪಟ್ಟಿಯನ್ನು ಒಮ್ಮೆ ತಿದ್ದಿಕೊಳ್ಳುವುದು ಉಚಿತ. ಟ್ರ್ಯಾಕ್ಟರಿಗೆ ಕಳೆಯುವ ಅಂಕ ಬೇಡ. ಸುಟ್ಟ ಮಣ್ಣಿನ ಗೊಂಬೆಗೂ, ಮಕ್ಕಳೇ ಸುಣ್ಣ, ಕೆಮ್ಮಣ್ಣು, ಅರಿಶಿನಗಳಿಂದ ಬಣ್ಣ ಹಚ್ಚಿದ್ದಕ್ಕೂ ಅಂಕವಿರಲಿ. ಕಿಲ್ಲೆಯನ್ನು ಸಿಡಿಸದೆ, ಮಣ್ಣನ್ನು ಹಿತ್ತಲಿನ ಗಿಡಗಳಿಗೆ ಹಾಕಿ, ಸೈನಿಕರನ್ನು ಒರೆಸಿ ಟ್ರಂಕಿಗೆ ಮರಳಿಸಿದ ಮನೆಗೆ ಹುಣ್ಣಿಮೆಯ ಹೊತ್ತಿಗೆ ಇನ್ನೊಮ್ಮೆ ಹೋಗಿ ಬಹುಮಾನ ಕೊಡಬಹುದು. ಇತಿಹಾಸದ ಪರೀಕ್ಷೆ ಬೇಕೇಬೇಕೆನ್ನುವವರು ಅದನ್ನು ಚೌಕದ ಮಂಟಪದಲ್ಲಿ, ದೊಡ್ಡವರ ಎದುರಿಗೆ ನಡೆಸಲಿ. ಮೊದಲ ಪ್ರಶ್ನೆ ಸಿದ್ದಿ ಇಬ್ರಾಹಿಮನ ಕುರಿತಾಗಿರಲಿ.